ನಂತೂರು ದಾಟದ ಹುಡುಗಿ

ಹೊಳೆಗಳಿಗೆ ಇನ್ನೂ ಸೇತುವೆ ಹುಟ್ಟದಿದ್ದ ಕಾಲದಲ್ಲಿ ಒಬ್ಬಳು ಹುಡುಗಿ ಇದ್ದಳಂತೆ. ಹೊಸ್ತಿಲ ಮೇಲೆ ಕೂತು, ಹೋಗುವವರಿಗೆಲ್ಲ ದಾರಿ ಹೇಳುವುದೇ ಅವಳ ಕೆಲಸ. ಆ ಗುಡ್ಡದ ಬಲಗಡೆಯಿಂದ ಹೋಗಿ, ಎಡಗಡೆ ಜೇನುಗೂಡು ಉಂಟು... ಈ ಹೊಳೆಯನ್ನು ಬೆಳಿಗ್ಗೆಯೇ ದಾಟಿ, ಮಧ್ಯಾಹ್ನ ಅಂಬಿಗ ನಿದ್ದೆ ಮಾಡ್ತಾನೆ... ಹೀಗೆ. ಎಲ್ಲರೂ ಅವಳನ್ನು ಹೊಗಳುತ್ತಿದ್ದರು. ಅವಳು ಮಾತ್ರ ಹೊಸ್ತಿಲು ದಾಟಿದವಳೇ ಅಲ್ಲ.

ಒಂದು ದಿನ ಒಬ್ಬ ಪ್ರಯಾಣಿಕ ತಿರುಗಿ ಬಂದ. ನೀನು ಹೇಳಿದ ಕಡೆ ದಾರಿಯೇ ಇರಲಿಲ್ಲ, ಅಂದ.

ಆ ಊರಿನಲ್ಲಿ ಒಂದು ಕಟ್ಟಳೆ. ತಪ್ಪು ದಾರಿ ಹೇಳಿದವರು ತಾವೇ ಕೈಹಿಡಿದು ಅಲ್ಲಿಗೆ ತಲುಪಿಸಬೇಕು.

ಉರ್ವದಲ್ಲಿ, ದೇವಸ್ಥಾನದ ಭಟ್ಟರ ಮನೆಯಲ್ಲಿ, ಮನೋರಮಾ ಅಜ್ಜಿ ಈ ಕತೆಯನ್ನು ನೂರು ಸಲ ಹೇಳಿರಬಹುದು. ಮೊಮ್ಮಗಳು ತನ್ಮಯಿ ನೂರು ಸಲವೂ ಇಷ್ಟು ಕೇಳುವಷ್ಟರಲ್ಲಿ ನಿದ್ದೆ ಹೋಗಿದ್ದಾಳೆ. ಹಾಗಾಗಿ ಆ ಹುಡುಗಿ ಮುಂದೆ ಎಂತ ಮಾಡಿದಳೆಂದು ಅವಳಿಗೆ ಗೊತ್ತೇ ಇರಲಿಲ್ಲ.

ತನ್ಮಯಿಗೆ ಇಪ್ಪತ್ತಾರು ವರ್ಷ ತುಂಬಿದ ಮೇಲೆ, ಮೇ ತಿಂಗಳ ಒಂದು ಸೋಮವಾರ, ಆ ಪ್ರಯಾಣಿಕ ನಿಜವಾಗಿಯೂ ಬಂದ.

ಬಿಜೈಯಲ್ಲಿ ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಅವಳ ಆಫೀಸು. 'ಹೊರಡೋಣ' ಎಂಬ ಪ್ರವಾಸದ ವೆಬ್‌ಸೈಟು. ರಜೆಗೆ ಎಲ್ಲಿಗೆ ಹೋಗಬಹುದು, ಎಲ್ಲಿ ಉಳಿಯಬಹುದು, ಯಾವ ಬಸ್ಸು ಎಷ್ಟು ಹೊತ್ತಿಗೆ... ತನ್ಮಯಿ ಬರೆದರೆ ಓದಿದವರು ಬ್ಯಾಗು ತುಂಬಿಸಿಕೊಳ್ಳುತ್ತಿದ್ದರು. ಅಂದು ಅವಳು ಯಾವುದೋ ಜಲಪಾತದ ಬಗ್ಗೆ ಬರೆಯುತ್ತಿದ್ದಾಗ ಬಾಗಿಲಲ್ಲಿ ಒಬ್ಬ ನಿಂತ. ಎತ್ತರದ ಆಳು, ಬಿಳಿ ಅಂಗಿ, ತೋಳಿನ ಅಂಚಿನಲ್ಲಿ ಅರಸಿನದ ಕಲೆ.

"ಮಂಜೊಟ್ಟು ಕಡವಿನ ಬಗ್ಗೆ ಬರೆದವರು ಯಾರು?"

ತನ್ಮಯಿ ಕೈ ಎತ್ತಿದಳು, ಶಾಲೆಯಲ್ಲಿ ಎತ್ತಿದ ಹಾಗೆ.

ಅವನು ಮೊಬೈಲ್ ನೋಡಿ ಓದಿದ. "'ಸಂಜೆ ಆರರವರೆಗೂ ದೋಣಿ ಉಂಟು. ಎದುರಿನ ದಡದ ತೆಂಗಿನ ಸಾಲು ನಿಮ್ಮ ಕಡೆಗೇ ನಡೆದು ಬರುವುದನ್ನು ನೋಡಿ.' ಚೆಂದ ಬರೆದಿದ್ದೀರಿ. ದೋಣಿ ಮಾತ್ರ ಇಲ್ಲ. ನಿಂತು ಹನ್ನೆರಡು ವರ್ಷವಾಯಿತಂತೆ."

ತನ್ಮಯಿ ಎತ್ತಿದ ಕೈಯನ್ನು ಇಳಿಸಿದಳು.

ಅವನ ಹೆಸರು ಪೃಥ್ವಿರಾಜ್ ಶೆಟ್ಟಿ. ಬಸ್ ನಿಲ್ದಾಣದ ಹಿಂದಿನ ಊಟದ ಹೋಟೆಲು ಅವರ ಮನೆಯದ್ದು. ನಿನ್ನೆ ಭಾನುವಾರ ಅವನು ಎಪ್ಪತ್ತೊಂಬತ್ತರ ಅಜ್ಜಿ ಗುಲಾಬಿಯವರನ್ನು ಆ ಕಡವಿಗೆ ಕರೆದುಕೊಂಡು ಹೋಗಿದ್ದ. ದೋಣಿ ಈಗ ಬರುತ್ತದೆ, ಆಮೇಲೆ ಬರುತ್ತದೆ ಎಂದು ಅಜ್ಜಿ ಎರಡು ಗಂಟೆ ಬಿಸಿಲಿನಲ್ಲಿ ನಿಂತರಂತೆ. ರೇಷ್ಮೆ ಸೀರೆ ಉಟ್ಟುಕೊಂಡು. ಅಷ್ಟನ್ನೂ ಅವನು ಸ್ವರ ಏರಿಸದೆ ಹೇಳಿದ. ಬೈದಿದ್ದರೇ ವಾಸಿಯಿತ್ತು.

"ನಿಮ್ಮ ಬರಹವನ್ನು ಪ್ರಿಂಟ್ ತೆಗೆಸಿ, ಮಡಚಿ, ಪರ್ಸಿನಲ್ಲಿ ಇಟ್ಟುಕೊಂಡಿದ್ದರು ಮಾರಾಯ್ರೆ. ಒಂದೇ ಒಂದು ಕೇಳ್ತೇನೆ. ನೀವು ಅಲ್ಲಿಗೆ ಯಾವಾಗ ಹೋಗಿದ್ದು?"

ಹೋಗಿದ್ದು...?

ಹೇಗೆ ಹೇಳಲಿ ಇವನಿಗೆ, ನಾನು ನಂತೂರು ದಾಟಿದವಳೇ ಅಲ್ಲ ಎಂದು!

ಮೂರನೇ ಕ್ಲಾಸಿನ ಶಾಲಾ ಪ್ರವಾಸದಲ್ಲಿ ಬಸ್ಸು ಪೇಟೆಯ ಅಂಚಿನ, ಹೆದ್ದಾರಿ ಕೂಡುವ ನಂತೂರಿನ ವೃತ್ತ ಸುತ್ತುವಾಗ ತನ್ಮಯಿಯ ಹೊಟ್ಟೆಯೂ ಸುತ್ತಿತ್ತು. ಅಂದಿನಿಂದ ಹಾಗೆಯೇ. ಉರ್ವದಿಂದ ಬಿಜೈಗೆ ಸ್ಕೂಟರಿನಲ್ಲಿ ಹೇಗೋ ಆಗುತ್ತದೆ. ಕಾರು, ಬಸ್ಸು ಎಂದರೆ ವಾಂತಿ. ಮನೆಯಲ್ಲಿ ಬಿಟ್ಟರೆ ಯಾರಿಗೂ ಈ ಗುಟ್ಟು ಗೊತ್ತಿರಲಿಲ್ಲ. ಅವಳು ಬರೆಯುತ್ತಿದ್ದುದೆಲ್ಲ ಫೋನಿನಲ್ಲಿ ಕೇಳಿದ್ದು. ಕಂಡಕ್ಟರರು, ಲಾಡ್ಜಿನವರು, ದೇವಸ್ಥಾನದ ಕಚೇರಿಯವರು... ಒಂದೊಂದು ಊರಿಗೆ ಹತ್ತು ಕಡೆ ಫೋನ್ ಮಾಡಿ ವಿಚಾರಿಸುತ್ತಿದ್ದಳು. ಈ ಕಡವಿನ ಬಗ್ಗೆ ಮಾತ್ರ ವಿಚಾರಿಸಿರಲಿಲ್ಲ. ಏಕೆಂದರೆ ಅದನ್ನು ಹೇಳಿದ್ದು ಮನೋರಮಾ ಅಜ್ಜಿ. ಅಜ್ಜಿ ಹೇಳಿದ್ದನ್ನು ಯಾರಾದರೂ ಫೋನ್ ಮಾಡಿ ಪರೀಕ್ಷೆ ಮಾಡ್ತಾರಾ?

ಅಜ್ಜಿ ಆ ಹೊಳೆ ದಾಟಿ ನಲವತ್ತು ವರ್ಷವಾಗಿತ್ತು.

ತನ್ಮಯಿ ಎದ್ದು ನಿಂತಳು. ಮಾತು ತಾನಾಗಿಯೇ ಬಂತು, ಯಾವುದೋ ಹಳೆಯ ಕತೆಯಿಂದ ಬಂದ ಹಾಗೆ.

"ನಿಮ್ಮ ಅಜ್ಜಿಯನ್ನು ನಾನು ಆ ಹೊಳೆ ದಾಟಿಸ್ತೇನೆ. ದೋಣಿಯಲ್ಲಿಯೇ. ಇದು ನನ್ನ ಮಾತು."

ಅವನು ಅವಳನ್ನು ನೋಡಿದ. ಸಿಟ್ಟಿನ ಕೆಳಗೆ ಬೇರೆ ಏನೋ ಇತ್ತು ಆ ಕಣ್ಣಿನಲ್ಲಿ... ಸುಸ್ತಾ? ನಂಬಬೇಕೆಂಬ ಆಸೆಯಾ?

ಪತ್ತನಾಜೆಯ ಒಳಗೆ ಆಗಬೇಕು, ಅಂದ. ಅಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನ. ಅದು ಕಳೆದರೆ ಮಳೆ, ಹೊಳೆಗೆ ಯಾರೂ ದೋಣಿ ಇಳಿಸುವುದಿಲ್ಲ. ಬರುವ ವರ್ಷಕ್ಕೆ ಅಜ್ಜಿಯ ಮಂಡಿ ದೋಣಿ ಹತ್ತುವ ಹಾಗೆ ಇರುವುದಿಲ್ಲ.

ಉಳಿದದ್ದು ಹದಿನೈದೇ ದಿನ.

*

ಮರುದಿನ ತನ್ಮಯಿ ಹೋಟೆಲಿಗೆ ಹೋದಳು. ಗುಲಾಬಿ ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಕ್ಷಮೆ ಕೇಳಲು ಬಂದವಳನ್ನು ಹತ್ತಿರ ಕೂರಿಸಿ, ಅವಳ ಕೈಗೂ ನಾಲ್ಕು ಗಡ್ಡೆ ಬೆಳ್ಳುಳ್ಳಿ ಕೊಟ್ಟರು. ಆ ಹೊಳೆ ಯಾಕೆ ದಾಟಬೇಕೆಂದು ಸುಲಿಯುತ್ತಲೇ ಹೇಳಿದರು.

ಹತ್ತೊಂಬತ್ತನೇ ವಯಸ್ಸಿಗೆ ಮದುವೆ. ತಾಯಿಮನೆ ಹೊಳೆಯ ಆ ಕಡೆ. ಗಂಡನ ಮನೆಗೆ ದೋಣಿಯಲ್ಲಿ ಬಂದದ್ದು. ಮದುಮಗಳು ತಿರುಗಿ ನೋಡಬಾರದು ಎಂದು ಹಿರಿಯರು ಹೇಳಿದ್ದರು, ಅವರು ನೋಡಲಿಲ್ಲ. ಅಪ್ಪೆ, ಅಂದರೆ ಅವರ ತಾಯಿ, ಆ ದಡದಲ್ಲಿ ನಿಂತೇ ಇದ್ದರಂತೆ, ದೋಣಿ ಈ ದಡ ಮುಟ್ಟುವವರೆಗೂ. ಆಮೇಲೆ ಯಾರೋ ಹೇಳಿದ್ದು. ಮುಂದಿನ ಮಳೆಗಾಲ ಕಳೆಯುವುದರೊಳಗೆ ಅಪ್ಪೆ ತೀರಿಕೊಂಡರು.

"ಸೇತುವೆಯಲ್ಲಿ ಎಷ್ಟೋ ಸಲ ಹೋಗಿದ್ದೇನೆ ಮಗಾ. ಅದು ಮೈಲಿ ದೂರ, ಬಸ್ಸು ಬುರ್ರನೆ ಹೋಗ್ತದೆ. ಬೆನ್ನು ಹಾಕಿ ಬಂದ ದಡ ಅದು. ಒಂದು ಸಲ ಅದಕ್ಕೆ ಮುಖ ಮಾಡಿ ಹೋಗಬೇಕು. ಅಷ್ಟೇ."

ಬೆಳ್ಳುಳ್ಳಿಯ ನೆಪದಲ್ಲಿ ತನ್ಮಯಿ ಕಣ್ಣು ಒರೆಸಿಕೊಂಡಳು. ಬೆಳ್ಳುಳ್ಳಿಗೆ ಕಣ್ಣೀರು ಬರುವುದಿಲ್ಲ, ನೀರುಳ್ಳಿಗೆ ಬರುವುದು ಎಂದು ಒಳಗಿನಿಂದ ಪೃಥ್ವಿರಾಜ್ ಹೇಳಿದ. ಅಜ್ಜಿ ಅವನನ್ನು ಗದರಿಸಿದರು. ಅವನು ನಗುವುದನ್ನು ಅವಳು ಮೊದಲ ಸಲ ನೋಡಿದಳು.

ಆ ವಾರ ಇಬ್ಬರೂ ಸೇರಿ ದೋಣಿ ಹುಡುಕಿದರು. ಅವಳು ಫೋನ್ ಮಾಡುವುದು, ಅವನು ಊಟದ ರಶ್ ಮುಗಿಸಿ ಅವಳ ಆಫೀಸಿಗೆ ಬಂದು ಎಂತಾಯಿತು ಎಂದು ಕೇಳುವುದು. ಒಮ್ಮೆ ನೀರುದೋಸೆ ಕಟ್ಟಿಸಿಕೊಂಡು ಬಂದ, ಒಮ್ಮೆ ಏನೂ ಇಲ್ಲದೆ ಸುಮ್ಮನೆ. ಸುಮ್ಮನೆ ಬಂದ ದಿನವೇ ಹೆಚ್ಚು ಹೊತ್ತು ಕೂತಿದ್ದು... ಅವನು ಹೋದ ಮೇಲೆ ಅವನು ಕೂತಿದ್ದ ಕುರ್ಚಿಯನ್ನು ತನ್ಮಯಿ ಸರಿಸಲಿಲ್ಲ.

ಇಪ್ಪತ್ತಮೂರನೇ ಫೋನಿಗೆ ಸಿಕ್ಕಿದರು ಸುಲೈಮಾನ್ ಕಾಕ, ಆ ಕಡವಿನ ಕೊನೆಯ ಅಂಬಿಗ. ದೋಣಿ ಅಂಗಳದಲ್ಲಿ ಮಗುಚಿ ಬಿದ್ದಿದೆ, ಆದರೆ ಫೋನಿನಲ್ಲಿ ದೋಣಿ ಕೊಡುವುದಿಲ್ಲ ಎಂದರು. ಯಾರನ್ನು ಕೂರಿಸುತ್ತೇನೆಂದು ಮುಖ ನೋಡಬೇಕು, ಬನ್ನಿ.

ಭಾನುವಾರ ಹೋಗುವುದೆಂದಾಯಿತು. ಪೃಥ್ವಿರಾಜನ ಕಾರಿನಲ್ಲಿ.

ಕಾರಿನಲ್ಲಿ!

ಹೇಳಿಬಿಡಬೇಕಿತ್ತು. ಆದರೆ ಊರಿಗೆಲ್ಲ ದಾರಿ ಹೇಳುವವಳು, ವಾಂತಿ ಬರುತ್ತದೆ ಎಂದು ಹೇಗೆ ಹೇಳುವುದು? ಅದೂ ಇವನ ಹತ್ತಿರ? ಬೆಳಿಗ್ಗೆ ಏನೂ ತಿನ್ನದೆ, ದುಪಟ್ಟಾದ ತುದಿಯಲ್ಲಿ ಲಿಂಬೆಹುಳಿ ಕಟ್ಟಿಕೊಂಡು, ದೇವರ ಹೆಸರು ಹೇಳಿ ಹತ್ತಿದಳು. ಕೆ.ಪಿ.ಟಿ. ವೃತ್ತದವರೆಗೆ ಉಸಿರು ಬಿಗಿಹಿಡಿದಳು. ನಂತೂರಿನಲ್ಲಿ ಲಾರಿಗಳ ಸಾಲು. ಕಾರು ಒಂದು ಮಾರು ಮುಂದೆ ಹೋಗುವುದು, ನಿಲ್ಲುವುದು...

ಅದೇ ಹೊತ್ತಿಗೆ ಹಿಂದಿನ ಸೀಟಿನಲ್ಲಿ ಗುಲಾಬಿ ಅಜ್ಜಿ ಸಾರು ಚೆಲ್ಲಿತಾ ಎಂದು ಬುತ್ತಿಯ ಮುಚ್ಚಳ ತೆಗೆದರು. ಬಂಗುಡೆಯ ಪುಳಿಮುಂಚಿ. ಮೀನಿನ ಖಾರದ ಪರಿಮಳ ಕಾರಿನ ತುಂಬ.

ತನ್ಮಯಿ ದುಪಟ್ಟಾವನ್ನು ಮೂಗು ಬಾಯಿಗೆ ಒತ್ತಿ ಹಿಡಿದಳು. ಬಾಗಿಲು ತೆಗೆದಳು. ನೀವು ಹೋಗಿ ಎಂದು ಕೈ ಬೀಸಿ, ಲಾರಿಗಳ ನಡುವೆ ಓಡಿಯೇಬಿಟ್ಟಳು.

ನಿಂತ ಲಾರಿಯೊಂದರ ಹಿಂದೆ ಅವಳು ವಾಂತಿ ಮಾಡಿಕೊಳ್ಳುವುದನ್ನು ಅದರ ಡ್ರೈವರ್ ಮಾತ್ರ ಕಂಡ. ಬಾಟಲಿ ನೀರು ಕೊಟ್ಟ. ಮುಖ ತೊಳೆದು ತಿರುಗಿ ನೋಡಿದರೆ ಕಾರು ಇರಲಿಲ್ಲ.

ಸಂಜೆ ಧೈರ್ಯ ಮಾಡಿ ಫೋನ್ ಮಾಡಿದಳು.

"ತಪ್ಪು ನಮ್ಮದು," ಅಂದ ಪೃಥ್ವಿರಾಜ್. ಸೋಮವಾರದ ಅದೇ ತಣ್ಣನೆಯ ಸ್ವರ. "ದೇವಸ್ಥಾನದ ಭಟ್ಟರ ಮನೆಯವರನ್ನು ಕೂರಿಸಿಕೊಂಡು ಮೀನು ತರಬಾರದಿತ್ತು. ಅಜ್ಜಿ ನಾಲ್ಕು ಗಂಟೆಗೆ ಎದ್ದು ಮಾಡಿದ್ದು. ಮನೆಗೆ ಬಂದು ಆ ಡಬ್ಬಿಯನ್ನು ಮೂರು ಸಲ ತೊಳೆದರು. ಇನ್ನು ಹೊಳೆ ಬೇಡವಂತೆ. ನೀವೂ ಅದನ್ನು ಬಿಟ್ಟುಬಿಡಿ."

ಅಲ್ಲ, ಅಲ್ಲ... ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಫೋನ್ ಕಡಿದಿತ್ತು. ತಿರುಗಿ ಮಾಡಿದರೆ ಅವನು ಎತ್ತಲಿಲ್ಲ.

ಮೂರು ಸಲ ತೊಳೆದರಾ! ನನ್ನಿಂದಾಗಿ!

ತನ್ಮಯಿ ಹೋಗಿ ಮನೋರಮಾ ಅಜ್ಜಿಯ ಮಡಿಲಲ್ಲಿ ತಲೆಯಿಟ್ಟಳು. ಎಲ್ಲ ಹೇಳಿದಳು. ಮೀನು, ಲಾರಿ, ಡಬ್ಬಿ, ಆ ಕುರ್ಚಿಯ ವಿಷಯವನ್ನೂ ಹೇಳಿದಳು. ಅಜ್ಜಿ ಬಹಳ ಹೊತ್ತು ಅವಳ ಜಡೆ ಬಿಚ್ಚಿ ಕಟ್ಟುತ್ತ ಕೂತರು.

"ಅಜ್ಜಿ, ಆ ದಾರಿ ಹೇಳುವ ಹುಡುಗಿ ಕಡೆಗೆ ಎಂತ ಮಾಡಿದಳು?"

"ಎಂತ ಮಾಡುವುದು? ಹೊರಟಳು. ಕಾಲು ನಡುಗುತ್ತಿತ್ತು, ಆದರೂ ಹೊರಟಳು. ನೀನು ಪ್ರತಿ ಸಲ ಅಷ್ಟರೊಳಗೆ ಗೊರಕೆ ಹೊಡೀತಿದ್ದೆ." ಅಜ್ಜಿ ಜಡೆಯ ತುದಿಗೆ ಗಂಟು ಹಾಕಿದರು. "ನಿನ್ನ ಅಪ್ಪನಿಗೆ ಬೇರೆ ಕತೆ ಹೇಳಬೇಕಾಗ್ತದೋ ಏನೋ, ಅದನ್ನು ನಾನು ನೋಡಿಕೊಳ್ತೇನೆ. ನೀನು ಮೊದಲು ಹೊಳೆಗೆ ಹೋಗು."

*

ಸೋಮವಾರ ಅವಳು ಬರೆದದ್ದು ಅರ್ಧ ಪುಟ. ಓದಿ ಮುಗಿಸಿದ ಸಂಪಾದಕಿ ಗ್ಲ್ಯಾಡಿಸ್ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

"ಮೂರು ವರ್ಷದಿಂದ ನಾನು ಎಲ್ಲರಿಗೂ ಹೇಳ್ತಿದ್ದೇನೆ, ನಮ್ಮ ತನ್ಮಯಿ ಕಾಲಿಗೆ ಚಕ್ರ ಕಟ್ಟಿಕೊಂಡವಳು ಅಂತ. ಚಕ್ರ ಅಲ್ಲ ಮಾರಾಯ್ತಿ, ನೀನು ಕಟ್ಟಿಕೊಂಡದ್ದು ಫೋನಿನ ಚಾರ್ಜರು."

ಕೆಲಸದಿಂದ ತೆಗೆಯುವುದಾದರೆ ತೆಗೆಯಿರಿ, ಆದರೆ ಇದನ್ನು ಹಾಕಿ ಎಂದು ತನ್ಮಯಿ ಬೇಡಿಕೊಂಡಳು. ಮೇಡಂ ಕನ್ನಡಕ ತಿರುಗಿ ಹಾಕಿಕೊಂಡರು. ಎರಡು ದಿನ ರಜೆ ಬೇಕಾ ಎಂದು ಮಾತ್ರ ಕೇಳಿದರು.

ಮಂಗಳವಾರ ಅವಳು ಹೊರಟಳು. ನಂತೂರಿನವರೆಗೆ ಸ್ಕೂಟರು. ಅಲ್ಲಿ ಅದನ್ನು ನಿಲ್ಲಿಸಿ ಬಸ್ಸು. ಹೆದ್ದಾರಿಯ ಲಾರಿಗಳ ನಡುವೆ ಸ್ಕೂಟರ್ ಬಿಡುವಷ್ಟು ಧೈರ್ಯ ಅವಳಿಗಿರಲಿಲ್ಲ. ಹೊಟ್ಟೆ ತೊಳಸಿದ ಕೂಡಲೇ ಇಳಿಯುವುದು, ಯಾವುದಾದರೂ ಅಂಗಡಿಯ ಬೆಂಚಿನಲ್ಲಿ ಕೂರುವುದು, ಮತ್ತೆ ಮುಂದಿನ ಬಸ್ಸು. ಒಂದು ಗಂಟೆಯ ದಾರಿಗೆ ನಾಲ್ಕು ಬಸ್ಸು, ಮೂರು ಪ್ಲಾಸ್ಟಿಕ್ ಚೀಲ, ಎರಡು ಲಿಂಬೆಹುಳಿ. ಕಡವು ಮುಟ್ಟುವಾಗ ಮಧ್ಯಾಹ್ನ.

ಆದರೆ ಮುಟ್ಟಿದಳು! ಎದುರು ಹೊಳೆ. ತೆಂಗಿನ ಸಾಲು ಅಜ್ಜಿ ಹೇಳಿದ ಹಾಗೆಯೇ ಇತ್ತು. ಅದೊಂದು ಸುಳ್ಳಾಗಿರಲಿಲ್ಲ.

ಸುಲೈಮಾನ್ ಕಾಕ ಅವಳ ಮುಖ ನೋಡಿದವರೇ ಒಳಗಿನಿಂದ ಹಾಲಿಲ್ಲದ ಚಹಾ ತರಿಸಿದರು. ಫೋನಿನ ಹುಡುಗಿ ನೀನೇಯಾ ಎಂದು ಕೇಳಿದರು. ದೋಣಿಯ ತಳಕ್ಕೆ ಎರಡು ಹಲಗೆ ಹಾಕಬೇಕು, ಎಣ್ಣೆ ಕುಡಿಸಬೇಕು, ಆಗಲಿ. ಅರವತ್ತು ವರ್ಷದ ಹಿಂದೆ ಈ ದಡಕ್ಕೆ ಮದುಮಗಳನ್ನು ದಾಟಿಸಿದ್ದರೆ ಅದು ತನ್ನ ಬಾಪನೇ ಇರಬೇಕು. ಬರುವಾಗ ಕೂರಿಸಿದ್ದು ಬಾಪ, ತಿರುಗಿ ಕರೆದೊಯ್ಯುವುದು ಮಗ, ಅದಕ್ಕೆ ಬಾಡಿಗೆ ಎಂತದ್ದು ಎಂದರು. ಪತ್ತನಾಜೆಯ ಮುನ್ನಾದಿನ ಬೆಳಿಗ್ಗೆ ಬನ್ನಿ.

ಅವಳು ಮನೆ ಮುಟ್ಟುವಾಗ ಸಂಜೆಯಾಗಿತ್ತು. ಹೋಗುವಾಗಿನ ಅಷ್ಟೂ ಕಷ್ಟ ಬರುವಾಗಲೂ.

ಶುಕ್ರವಾರ ಅವಳ ಬರಹ ಬಂತು, ಕಡವಿನಿಂದ ಬಂದ ಮೇಲೆ ಅವಳು ಕೊನೆಗೆ ಸೇರಿಸಿದ ಸಾಲಿನ ಸಮೇತ. ಗ್ಲ್ಯಾಡಿಸ್ ಮೇಡಂ ಒಂದು ಅಕ್ಷರವನ್ನೂ ಕಡಿದಿರಲಿಲ್ಲ.

ಹೋಟೆಲಿನಲ್ಲಿ ಪೃಥ್ವಿರಾಜ್ ಅದನ್ನು ಮೊದಲು ತಾನು ಓದಿದ. ಆಮೇಲೆ ಅಜ್ಜಿಯ ಪಕ್ಕ ಕೂತು ಗಟ್ಟಿಯಾಗಿ ಓದಿದ.

"'ಮಂಜೊಟ್ಟು ಕಡವಿನಲ್ಲಿ ದೋಣಿ ಉಂಟೆಂದು ನಾನು ಬರೆದದ್ದು ತಪ್ಪು. ಅಲ್ಲಿಗೆ ಹೋಗದೆ ಬರೆದೆ. ಅದುವರೆಗೆ ನಂತೂರಿನಾಚೆ ನಾನು ಎಲ್ಲಿಗೂ ಹೋದವಳಲ್ಲ, ಕಾರು ಬಸ್ಸು ಹತ್ತಿದರೆ ನನಗೆ ವಾಂತಿ. ಮೊನ್ನೆ ಒಬ್ಬರು ಹಿರಿಯರು ನನ್ನನ್ನು ನಂಬಿ ಹೊರಟಿದ್ದರು. ನಾನು ನಡುದಾರಿಯಲ್ಲಿ ಮೂಗು ಮುಚ್ಚಿಕೊಂಡು ಇಳಿದು ಓಡಿದೆ. ಅವರ ಬುತ್ತಿಗೆ ಹೇಸಿ ಓಡಿದೆನೆಂದು ಅವರು ತಿಳಿದರು. ಅಜ್ಜೀ, ನಾನು ಓಡಿದ್ದು ನನ್ನ ಹೊಟ್ಟೆಗೆ ಹೆದರಿ. ನಿಮ್ಮ ಮುಂದೆ, ಮತ್ತೆ ನಿಮ್ಮ ಜೊತೆಗಿದ್ದವರ ಮುಂದೆ, ಸಣ್ಣವಳಾಗುತ್ತೇನೆಂದು ಹೆದರಿ. ಆ ಡಬ್ಬಿಯನ್ನು ದಯವಿಟ್ಟು ಇನ್ನೊಮ್ಮೆ ತುಂಬಿಸಿ. ದೋಣಿ ತಯಾರಾಗುತ್ತಿದೆ.'"

ಗುಲಾಬಿ ಅಜ್ಜಿ ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ಪಾಪದ ಬಾಲೆ. ಸುಮ್ಮನೆ ಡಬ್ಬಿ ತೊಳೆದು ತೊಳೆದು ಸವೆಸಿದೆನಲ್ಲ ನಾನು." ಮತ್ತೆ ಮೊಮ್ಮಗನನ್ನು ನೋಡಿ, "ಜೊತೆಗಿದ್ದವರ ಮುಂದೆ ಅಂತ ಬರೆದಿದ್ದಾಳೆ. ಜೊತೆಗಿದ್ದದ್ದು ಯಾರು, ನಾಯಿಯಾ? ಎದ್ದು ಹೋಗು."

ಅವನು ಹೋದ. ಉರ್ವ ಮಾರ್ಕೆಟಿನ ತರಕಾರಿ ಅಂಗಡಿಯ ಮುಂದೆ ಸಿಕ್ಕಿದಳು, ಬಸಳೆ ಸೊಪ್ಪಿನ ಕಟ್ಟು ಹಿಡಿದುಕೊಂಡು. ಫೋನ್ ಕಡಿದದ್ದಕ್ಕೆ ಅವನು ಅಲ್ಲಿಯೇ, ಅಷ್ಟು ಜನರ ನಡುವೆ ಕ್ಷಮೆ ಕೇಳಿದ. ಅವಳು ಬಸಳೆಯ ಎಲೆ ಒಂದೊಂದೇ ಕೀಳುತ್ತಿದ್ದಳು.

"ನೀವು ಕಾರಿನಲ್ಲಿ ಬರುವುದು ಬೇಡ," ಅಂದ. "ನಿಮ್ಮ ಹಳೆಯದೊಂದು ಬರಹದಲ್ಲಿ ಉಂಟಲ್ಲ, ಮುಖಕ್ಕೆ ಗಾಳಿ ಹೊಡೆದರೆ ಹೊಟ್ಟೆ ಸುಮ್ಮನಿರ್ತದೆ ಅಂತ. ಅಜ್ಜಿ ನಮ್ಮ ಅಡುಗೆಯವರ ಜೊತೆ ಕಾರಿನಲ್ಲಿ ಬರಲಿ. ನಾನು ಸ್ಕೂಟರ್ ತರ್ತೇನೆ. ಹಿಂದೆ ಕೂರ್ತೀರಾ?"

ಕೂರ್ತೇನೆ ಎಂದು ಅವಳು ತಲೆಯಾಡಿಸಿದಳು. ಮನೆಗೆ ಬಂದು ನೋಡಿದರೆ ಕೈಯಲ್ಲಿ ಬಸಳೆಯ ದಂಟು ಮಾತ್ರ ಉಳಿದಿತ್ತು.

*

ಪತ್ತನಾಜೆಯ ಮುನ್ನಾದಿನ ಬೆಳಿಗ್ಗೆ ಆರೂವರೆಗೆ ಅವರು ನಂತೂರು ದಾಟಿದರು. ಲಾರಿಗಳು ಇನ್ನೂ ಕಡಿಮೆ. ವೃತ್ತ ಸುತ್ತುವಾಗ ತನ್ಮಯಿ ಕಣ್ಣು ಮುಚ್ಚಿ ಅವನ ಅಂಗಿಯ ಬೆನ್ನನ್ನು ಮುಷ್ಟಿಯಲ್ಲಿ ಹಿಡಿದಳು. ತೆರೆದಾಗ ನಂತೂರು ಹಿಂದಾಗಿತ್ತು. ಮುಷ್ಟಿಯನ್ನು ಅವಳು ಬಿಡಲಿಲ್ಲ, ಅವನೂ ನೆನಪಿಸಲಿಲ್ಲ.

ಕಡವಿನಲ್ಲಿ ದೋಣಿ ಹೊಸ ಎಣ್ಣೆಯಲ್ಲಿ ಮಿನುಗುತ್ತಿತ್ತು. ಗುಲಾಬಿ ಅಜ್ಜಿ ಅದೇ ರೇಷ್ಮೆ ಸೀರೆಯಲ್ಲಿ ಕಾರಿನಿಂದ ಇಳಿದರು, ಕೈಯಲ್ಲಿ ಎರಡು ಡಬ್ಬಿ. ಒಂದರಲ್ಲಿ ಬಂಗುಡೆ. ಇನ್ನೊಂದರಲ್ಲಿ ತನ್ಮಯಿಗೆಂದು ಹಲಸಿನ ಹಣ್ಣಿನ ಗಟ್ಟಿ, ಬೇರೆ ಪಾತ್ರೆಯಲ್ಲಿ ಬೇಯಿಸಿದ್ದು. ಆಚೆ ದಡದಲ್ಲಿ ಕೂತು ತಿನ್ನುವುದು, ಎರಡೂ ಡಬ್ಬಿ ಒಟ್ಟಿಗೆ ತೆಗೆಯುವುದು ಎಂದು ತನ್ಮಯಿ ಅಲ್ಲಿಯೇ ಕರಾರು ಮಾಡಿದಳು.

ಸುಲೈಮಾನ್ ಕಾಕ ಮತ್ತು ಪೃಥ್ವಿರಾಜ್ ಅಜ್ಜಿಯನ್ನು ಎತ್ತಿಯೇ ದೋಣಿಯಲ್ಲಿ ಇಳಿಸಿದರು. ಅಜ್ಜಿ ಮುಂದಿನ ಹಲಗೆಯ ಮೇಲೆ ಕೂತರು, ಆಚೆ ದಡಕ್ಕೆ ಮುಖ ಮಾಡಿ. ಹಿಂದೆ ತನ್ಮಯಿ, ಅವಳ ಪಕ್ಕದಲ್ಲಿ ಪೃಥ್ವಿರಾಜ್.

ದೋಣಿ ನೂಕುವ ಜಲ್ಲೆ ನೀರಿಗಿಳಿಯಿತು. ದೋಣಿ ಹೊರಟಿತು.

ನಡುಹೊಳೆಯಲ್ಲಿ ದೋಣಿ ಓಲಾಡತೊಡಗಿತು. ತನ್ಮಯಿಯ ಹೊಟ್ಟೆಯೊಳಗೆ ಅದೇ ಹಳೆಯ ಸುತ್ತು. ಅಯ್ಯೋ... ಇಲ್ಲಿಯೂ ಬಂತಾ! ಓಡಲಿಕ್ಕೆ ಲಾರಿಯ ಮರೆಯೂ ಇಲ್ಲ.

ಪೃಥ್ವಿರಾಜ್ ಕಿಸೆಯಿಂದ ಲಿಂಬೆಹುಳಿ ತೆಗೆದ, ಉಗುರಿನಿಂದ ಸಿಪ್ಪೆಯನ್ನು ಮೂರು ಗೆರೆ ಗೀರಿದ, ಅವಳ ಅಂಗೈಯಲ್ಲಿಟ್ಟ.

ಅವಳು ದಂಗಾಗಿ ನೋಡಿದಳು. ಲಿಂಬೆ ಕತ್ತರಿಸಬಾರದು, ಸಿಪ್ಪೆ ಮಾತ್ರ ಗೀರಬೇಕು ಎಂದು ಅವಳು ಬರೆದದ್ದು ಎರಡು ವರ್ಷದ ಹಿಂದೆ.

"ಅದು ಫೋನಿನಲ್ಲಿ ಕೇಳಿ ಬರೆದದ್ದಲ್ಲ ಅಂತ ಈಗ ಗೊತ್ತಾಯಿತು," ಅಂದ ಮೆಲ್ಲಗೆ. "ಈ ಒಂದು ವಾರದಲ್ಲಿ ನಿಮ್ಮದೆಲ್ಲ ಓದಿದೆ. ಈ ಕಡವು ಬಿಟ್ಟು ನೂರಾ ಹದಿನಾಲ್ಕು ಊರು."

"ಒಂದಕ್ಕೂ ಹೋಗಿಲ್ಲ ನಾನು."

"ನಾನೂ ಹೋಗಿಲ್ಲ. ಹೋಟೆಲ್ ಬಿಟ್ಟು ಎಲ್ಲಿಗೆ ಹೋಗುವುದು? ಒಟ್ಟಿಗೆ ಹೋಗುವ. ವಾರಕ್ಕೊಂದು ಊರು. ಸ್ಕೂಟರಿನಲ್ಲಿ."

"ನೂರಾ ಹದಿನಾಲ್ಕು ವಾರ ಬೇಕು."

"ಅಷ್ಟೇನಾ?" ಅಂದ ಪೃಥ್ವಿರಾಜ್. "ಮುಗಿದ ಮೇಲೆ ಹೊಸದು ಬರೆಯಿರಿ. ಲಿಂಬೆಹುಳಿ ನಾನು ತರ್ತೇನೆ. ಜೀವನ ಪೂರ್ತಿ."

ತನ್ಮಯಿ ಲಿಂಬೆಹುಳಿಯನ್ನು ಮೂಗಿಗೆ ಹಿಡಿಯುವುದನ್ನೇ ಮರೆತಳು. ಇನ್ನೊಂದು ಕೈಯನ್ನು ಹಲಗೆಯ ಮೇಲೆ ಅವನ ಕೈ ಇದ್ದಲ್ಲಿಗೆ ಸರಿಸಿದಳು. ಹೊಟ್ಟೆ ತಾನಾಗಿಯೇ ಸುಮ್ಮನಾಗಿತ್ತು, ಯಾವಾಗ ಎಂದು ಅವಳಿಗೂ ತಿಳಿಯಲಿಲ್ಲ.

ಮುಂದೆ ಗುಲಾಬಿ ಅಜ್ಜಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ತೆಂಗಿನ ಸಾಲು ಅವರ ಕಡೆಗೇ ನಡೆದು ಬರುತ್ತಿತ್ತು. ಹತ್ತಿರ... ಇನ್ನೂ ಹತ್ತಿರ... ದಡದಲ್ಲಿ ಯಾರೂ ಇರಲಿಲ್ಲ. ಆದರೂ ಅಜ್ಜಿ ಯಾರನ್ನೋ ಕಂಡವರ ಹಾಗೆ ಸೆರಗು ಸರಿಮಾಡಿಕೊಂಡರು.

"ಅಪ್ಪೇ," ಅಂದರು. "ಬತ್ತೆ ಯಾನ್."

ಅಮ್ಮಾ, ಬಂದೆ ನಾನು.

ದೋಣಿಯ ಮೂತಿ ಮರಳಿಗೆ ತಾಗಿ ನಿಂತಿತು. ಸುಲೈಮಾನ್ ಕಾಕ ನೀರಿಗೆ ಹಾರಿ ಕೈಕೊಟ್ಟರು. ಅಜ್ಜಿಯ ಕಾಲು ಮೊದಲು ನೀರಿಗೆ, ಆಮೇಲೆ ಮರಳಿಗೆ ಇಳಿಯಿತು. ಅವರು ಅಲ್ಲಿ ಒಂದು ಗಳಿಗೆ ನಿಂತರು. ಮತ್ತೆ ಹಿಂದೆ ತಿರುಗಿ, ಹಲಗೆಯ ಮೇಲಿನ ಆ ಎರಡು ಕೈಗಳನ್ನು ನೋಡಿಯೂ ನೋಡದವರಂತೆ, ತನ್ಮಯಿಯ ಕಡೆಗೆ ಕೈ ಚಾಚಿದರು.

"ಇಳಿ ಮಗಾ," ಅಂದರು. "ದಾಟಿಸಿ ಆಯಿತಲ್ಲ ನೀನು."